ಅಂಚೆ ಚೀಟಿ ಮತ್ತು ಚರಿತ್ರೆ: ‘ವಂದೇ ಮಾತರಂ’ ಸ್ಮಾರಕ ಚೀಟಿಗಳ ಒಂದು ವಿಮರ್ಶೆ

ಶಾಸನ, ನಾಣ್ಯಗಳಂತೆ ಅಂಚೆ ಚೀಟಿಯೂ ರಾಜ್ಯವು ತನ್ನ ಅಧಿಕಾರದಿಂದ ಹೊರಡಿಸುವ ವಸ್ತು. ಆದುದರಿಂದ ಅದು ಚರಿತ್ರೆಗೆ ಆಧಾರವೆಂಬುದರಲ್ಲಿ ಸಂದೇಹವಿಲ್ಲ. ಯಾವುದಕ್ಕೆ ಆಧಾರವೆಂಬುದನ್ನು ಮಾತ್ರ ವಿಚಾರಿಸಬೇಕು. ನಾಣ್ಯವು ಅದನ್ನು ಅಚ್ಚು ಹಾಕಿಸಿದ ಅರಸನ ಕಾಲವನ್ನು ತಿಳಿಸುತ್ತದೆಯೇ ಹೊರತು ಅದರ ಮೇಲಿನ ದೇವತೆಯ ಕಾಲವನ್ನಲ್ಲ. ಈ ನಿಯಮವನ್ನು ‘ವಂದೇ ಮಾತರಂ’ ಗೀತೆಯ ಸ್ಮಾರಕ ಚೀಟಿಗಳಿಗೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಭಾರತದ ಅಂಚೆ ಇಲಾಖೆಯು 1976ರ ಡಿಸೆಂಬರಿನಲ್ಲಿ 25 ಪೈಸೆಯ ಚೀಟಿಯೊಂದನ್ನು ಈ ಗೀತೆಯ ಗೌರವಾರ್ಥವಾಗಿ ಹೊರಡಿಸಿತು. ಗೀತೆಗೆ 150 ವರ್ಷ ತುಂಬಿತೆಂದು 2025ರ ನವೆಂಬರ್ 7ರಂದು ದೆಹಲಿಯಲ್ಲಿ ಪ್ರಧಾನಮಂತ್ರಿಗಳು ಮತ್ತೊಂದು ಚೀಟಿಯನ್ನೂ ಸ್ಮಾರಕ ನಾಣ್ಯವನ್ನೂ ಬಿಡುಗಡೆ ಮಾಡಿದರು. ಈ ಎರಡನೆಯದು ಗೀತೆಯ ಜನ್ಮವರ್ಷ 1875 ಎಂಬ ಗಣನೆಯನ್ನು ಅವಲಂಬಿಸಿದೆ. ಗೀತೆಯನ್ನು ಒಳಗೊಂಡ ‘ಆನಂದಮಠ’ ಕಾದಂಬರಿ ಪುಸ್ತಕರೂಪದಲ್ಲಿ ಬಂದುದು 1882ರಲ್ಲಿ. 1875ರಿಂದ ಎಣಿಸಿದರೆ 1976 ನೂರೊಂದನೆಯ ವರ್ಷ; 1882ರಿಂದ ಎಣಿಸಿದರೆ ಇನ್ನೂ ನೂರು ತುಂಬಿಲ್ಲ. ಆದಕಾರಣ ಚೀಟಿಯ ವರ್ಷದಿಂದ ಗೀತೆಯ ವರ್ಷವನ್ನು ನಿರ್ಣಯಿಸಲು ಹೊರಡುವುದು ಸಾಧುವಲ್ಲ.

ಆದರೆ ಹೊರಡಿಸಿದ ಕಾಲದ ಬಗೆಗೆ ಚೀಟಿ ಮೌನವಾಗಿಲ್ಲ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿಯಿತ್ತು. ಪತ್ರಿಕೆಗಳು ನಿರ್ಬಂಧಕ್ಕೊಳಗಾಗಿದ್ದುವು, ವಿರೋಧ ಪಕ್ಷಗಳ ನಾಯಕರನೇಕರು ಸೆರೆಯಲ್ಲಿದ್ದರು. ಅಧಿಕಾರವನ್ನು ಎದುರಿಸಲು ಜನರು ಹಾಡಿದ ಗೀತೆ ಆ ದಿನಗಳಲ್ಲಿ ಅಧಿಕಾರದ ಮುದ್ರೆಯನ್ನು ಹೊತ್ತು ಮನೆಮನೆಗೂ ಹೋಯಿತು. ಹೊರಡಿಸಿದವರ ಉದ್ದೇಶವನ್ನು ಇಷ್ಟರಿಂದಲೇ ನಿರ್ಣಯಿಸಲಾಗದು. ಆದರೆ ಈ ವೈದೃಶ್ಯವನ್ನು ಚರಿತ್ರಕಾರನು ಗಮನಿಸದೆ ಬಿಡುವಂತಿಲ್ಲ.

ಗೀತೆಯ ಜೀವನವಾದರೋ ಅದರ ರಚನೆಯಲ್ಲಿಯೇ ಮುಗಿಯಲಿಲ್ಲ. 1896ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ರವೀಂದ್ರರು ಅದನ್ನು ಹಾಡಿದರು. 1905ರ ವಂಗಭಂಗದ ಕಾಲದಲ್ಲಿ ಅದು ಬೀದಿಯ ಘೋಷವಾಯಿತು. ದೇವಿಯನ್ನು ಸ್ತುತಿಸುವ ಮುಂದಿನ ಚರಣಗಳಿಗೆ ಮುಸ್ಲಿಮರಲ್ಲಿ ಆಕ್ಷೇಪವಿದ್ದುದರಿಂದ, 1937ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯು ಮೊದಲ ಎರಡು ಚರಣಗಳನ್ನು ಮಾತ್ರ ಹಾಡತಕ್ಕದ್ದೆಂದು ಸೂಚಿಸಿತು. 1950ರ ಜನವರಿ 24ರಂದು ರಾಜೇಂದ್ರ ಪ್ರಸಾದರು ‘ಜನಗಣಮನ’ವನ್ನು ರಾಷ್ಟ್ರಗೀತೆಯೆಂದು ಸಾರಿ, ‘ವಂದೇ ಮಾತರಂ’ಗೂ ಸಮಾನ ಗೌರವವಿರಬೇಕೆಂದರು. ಭಕ್ತಿ, ಪ್ರತಿಭಟನೆ, ವಿವಾದ, ಒಡಂಬಡಿಕೆ ಇವೆಲ್ಲವೂ ಕೂಡಿದುದೇ ಈ ಗೀತೆಯ ಚರಿತ್ರೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನೀಲಾಂಬಿಕೆಯ ಐಕ್ಯಸ್ಥಳವಾದ ಕೃಷ್ಣಾತೀರದ ತಂಗಡಗಿಯು ಮುದ್ದೇಬಿಹಾಳ ತಾಲ್ಲೂಕಿನೊಡನೆ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಪೂರ್ವಕ್ಕೆ ಕೆಲವು ಹರದಾರಿ ನಡೆದರೆ ಸುರಪುರ, ಲಿಂಗಸೂಗೂರುಗಳ ಕಡೆಯ ನಿಜಾಮನ ಸೀಮೆ. 1938ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವಿದ್ದಿತು. ಅದೇ ವರ್ಷ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಈ ಗೀತೆಯನ್ನು ಹಾಡಕೂಡದೆಂದು ನಿಷೇಧ ಬಂದಿತು. ಮುಷ್ಕರ ಹೂಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಚಳವಳಿ ಗುಲ್ಬರ್ಗಾದ ಕಾಲೇಜಿಗೂ ಹಬ್ಬಿತು. ಹೊರಬಿದ್ದವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯವು ಆಶ್ರಯವಿತ್ತಿತು. ಒಂದೇ ಭಾಷೆಯನ್ನಾಡುವ ಜನರಲ್ಲಿ ಗಡಿಯ ಈಚೆಯವರಿಗೆ ಸಭೆಯ ಪ್ರಾರ್ಥನೆಯಾಗಿದ್ದುದು ಆಚೆಯವರಿಗೆ ವಿದ್ಯಾಭ್ಯಾಸವನ್ನೇ ಪಣಕ್ಕಿಡಬೇಕಾದ ಮಾತಾಗಿದ್ದಿತು. ಆ ಗಡಿ ಅಳಿದು ಎರಡು ಸೀಮೆಗಳೂ ಒಂದೇ ರಾಜ್ಯದಲ್ಲಿ ಸೇರಿದುದು 1956ರ ನವೆಂಬರ್ 1ರಂದು.

ಅಂಗುಲದಷ್ಟು ಕಾಗದದಲ್ಲಿ ಇಷ್ಟನ್ನೆಲ್ಲ ಹೇಳುವುದು ಹೇಗೆಂದು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಯಾವ ದಿನವನ್ನು ಸ್ಮರಿಸಬೇಕೆಂಬ ಆಯ್ಕೆಗೆ ಕಾಗದದ ಅಳತೆ ಕಾರಣವಲ್ಲ. 2025ರ ಚೀಟಿ ಕವಿಯು ಬರೆದ ದಿನವನ್ನು ಸ್ಮರಿಸುತ್ತದೆ. ವಿದ್ಯಾರ್ಥಿಗಳು ಹಾಡಿ ದಂಡನೆಗೊಳಗಾದ ದಿನವನ್ನಲ್ಲ. ಬರೆದವನು ಒಬ್ಬನು, ಹಾಡಿದವರು ಅಸಂಖ್ಯರು. ಗೀತೆಯನ್ನು ರಾಷ್ಟ್ರದ್ದನ್ನಾಗಿ ಮಾಡಿದವರು ಈ ಎರಡನೆಯವರು. ಚೀಟಿಯು ರಾಜ್ಯದ ಸ್ಮರಣೆಗೆ ಸಾಕ್ಷಿಯೇ ಹೊರತು ಜನರ ಸ್ಮರಣೆಗೆ ಪರ್ಯಾಯವಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಚೀಟಿಗಳನ್ನು ಸಂಗ್ರಹಿಸುವುದರ ಜೊತೆಗೆ, 1938ರ ಚಳವಳಿಯ ನೆನಪುಗಳನ್ನು ಗಡಿಯ ಹಳ್ಳಿಗಳ ಮನೆತನಗಳಿಂದ ಬರೆದಿಟ್ಟುಕೊಳ್ಳುವುದು ಅವಶ್ಯವಾಗಿದೆ. ಆ ಕೆಲಸಕ್ಕೆ ಉಳಿದಿರುವ ಕಾಲ ಅಲ್ಪ.