ಜಾಹೀರಾತಿಗೆ ಮೂರು ಪ್ರಶ್ನೆ
ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಹೊರತಂದ ‘ಆಡ್‌ಮಾಂಗೊ’ ಎಂಬ ಗಣಕ ಆಟ 8ರಿಂದ 12 ವರ್ಷದ ಮಕ್ಕಳಿಗೆ ಮೂರು ಪ್ರಶ್ನೆ ಕಲಿಸಿತು: ಈ ಜಾಹೀರಾತಿನ ಹಿಂದೆ ಯಾರಿದ್ದಾರೆ? ಅದು ನಿಜವಾಗಿ ಹೇಳುತ್ತಿರುವುದೇನು? ನಾನೇನು ಮಾಡಬೇಕೆಂದು ಅದು ಬಯಸುತ್ತದೆ? ಮೂರನೆಯದಂತೂ ದೊಡ್ಡವರಿಗೂ ಬೇಕಾದದ್ದೇ. ಆದರೆ ಎದುರಿಗಿರುವುದು ಜಾಹೀರಾತು ಎಂದು ತಿಳಿದ ಮೇಲಷ್ಟೇ ಈ ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ. ಬಸ್ಸಿನ ಮೇಲಿನ ಚಿತ್ರವನ್ನು ಮಗು ಬೇಗ ಗುರುತಿಸುತ್ತದೆ. ಅಂತರ್ಜಾಲದ ವಿಡಿಯೋದಲ್ಲಿ ತನ್ನದೇ ವಯಸ್ಸಿನ ಹುಡುಗ ಆಟಿಕೆಯ ಪೆಟ್ಟಿಗೆ ಬಿಚ್ಚಿ ಕುಣಿದರೆ, ಆ ಕುಣಿತಕ್ಕೆ ಯಾರಾದರೂ ಹಣ ಕೊಟ್ಟಿರಬಹುದೆಂದು ಹೊಳೆಯುವುದು ಕಷ್ಟ. ಮೂಲೆಯಲ್ಲಿ ‘ಸ್ಪಾನ್ಸರ್ಡ್’ ಎಂಬ ಇಂಗ್ಲಿಷ್ ಪದವಿದ್ದರೂ ನಮ್ಮ ಕನ್ನಡ ಶಾಲೆಯ ಮೂರನೆಯ ತರಗತಿಯ ಮಗು ಅದನ್ನು ಓದೀತೇ? ಆ ಪದವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದರಿಂದಲೇ ಪಾಠ ಆರಂಭವಾಗಲಿ. ಮೂರು ಪ್ರಶ್ನೆಗಳು ಆಮೇಲೆ.