ಶೀರ್ಷಿಕೆಯಲ್ಲಿ ಪಾಲು ಕೇಳಿದ ಕುಳ್ಳ

1978ರಲ್ಲಿ ಬಂದ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಚಿತ್ರವನ್ನು ಕನ್ನಡಿಗರು ಈಗಲೂ ನೆನೆಯುವುದು ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಸಿನಿಮಾ ಎಂದು. ದಾಖಲೆಯ ಮಟ್ಟಿಗೆ ಆ ಹೆಗ್ಗಳಿಕೆ ಇರಲಿ. ಅದೇ ಚಿತ್ರದ ಹೆಸರಿನಲ್ಲಿ ಇನ್ನೊಂದು ಸಾಹಸ ನಡೆದುಹೋಗಿತ್ತು, ಅದರ ಮಾತನ್ನು ಆಡುವವರು ಕಡಿಮೆ. ರಾಜ ಎಂದರೆ ವಿಷ್ಣುವರ್ಧನ್, ಕುಳ್ಳ ಎಂದರೆ ದ್ವಾರಕೀಶ್. ತಾರೆಯೊಬ್ಬನ ಹೆಸರಿನ ಮಗ್ಗುಲಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಸ್ಯನಟನೊಬ್ಬ ಬಂದು ಕೂತಿದ್ದ. ಹಾಗೆ ಕೂರಲು ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಏಕೆಂದರೆ ಚಿತ್ರಕ್ಕೆ ಹಣ ಹಾಕಿದವನೂ ಅವನೇ.

ದ್ವಾರಕೀಶರನ್ನು ಅಳೆಯುವಾಗ ನಮ್ಮಲ್ಲಿ ಎರಡು ಪ್ರತ್ಯೇಕ ಲೆಕ್ಕಪುಸ್ತಕ ತೆರೆಯುವ ರೂಢಿಯಿದೆ. ಒಂದರಲ್ಲಿ ನಗಿಸಿದ ನಟ, ಇನ್ನೊಂದರಲ್ಲಿ ಗೆದ್ದು ಸೋತು ಮತ್ತೆ ಗೆದ್ದ ನಿರ್ಮಾಪಕ. ಹೀಗೆ ಬೇರೆ ಮಾಡಿದರೆ ಎರಡೂ ಕಡೆ ಅವರಿಗೆ ಅನ್ಯಾಯವಾಗುತ್ತದೆ. ನಟನಾಗಿ ಮಾತ್ರ ನೋಡಿದರೆ ಅವರ ಅಭಿನಯದ ವ್ಯಾಪ್ತಿ ದೊಡ್ಡದಲ್ಲ. ನಿರ್ಮಾಪಕನಾಗಿ ಮಾತ್ರ ನೋಡಿದರೆ ರೀಮೇಕುಗಳ ಉದ್ದನೆಯ ಸಾಲೊಂದು ಎದುರಾಗುತ್ತದೆ. ಎರಡೂ ಒಂದೇ ಮೈಯಲ್ಲಿ ಸೇರಿದಾಗ ಮಾತ್ರ ಕನ್ನಡ ಚಿತ್ರರಂಗದಲ್ಲಿ ಅದಕ್ಕೂ ಮೊದಲು ಇಲ್ಲದ, ಆಮೇಲೂ ಬೆಳೆಯದ ಒಂದು ವಸ್ತು ಹುಟ್ಟಿತು.

ಅವರು ಬಂದ ಹೊತ್ತಿಗೆ ಕನ್ನಡದ ಹಾಸ್ಯನಟರಿಗೆ ಒಂದು ನಿಶ್ಚಿತ ಜಾಗವಿತ್ತು. ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಜೊತೆಗೇ ಬೆಳೆದು ಬಂದವರು. ಬಾಲಕೃಷ್ಣ ಖಳನೂ ಆಗಬಲ್ಲ, ಕಣ್ಣೀರೂ ತರಿಸಬಲ್ಲ ನಟ. ಇಬ್ಬರೂ ಕಂಪನಿ ನಾಟಕದ ಗರಡಿಯಲ್ಲಿ ಪಳಗಿದವರು. ಮಾತಿನ ತೂಕ, ವಿರಾಮ, ಪ್ರೇಕ್ಷಕನ ಚಪ್ಪಾಳೆಗೆ ಕಾಯುವ ತಾಳ್ಮೆ ಎಲ್ಲವೂ ಅಲ್ಲಿಂದ ಬಂದದ್ದು. ದ್ವಾರಕೀಶರ ಹಿನ್ನೆಲೆಯೇ ಬೇರೆ. 1942ರ ಆಗಸ್ಟ್ 19ರಂದು ಹುಣಸೂರಿನಲ್ಲಿ ಹುಟ್ಟಿದ ಬಂಗ್ಲೆ ಶಾಮರಾವ್ ದ್ವಾರಕಾನಾಥ್ ಮೈಸೂರಿನ ಸಿಪಿಸಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಅಣ್ಣನ ಜೊತೆ ಭಾರತ್ ಆಟೋ ಸ್ಪೇರ್ಸ್ ಎಂಬ ಬಿಡಿಭಾಗದ ಅಂಗಡಿ ನಡೆಸುತ್ತಿದ್ದವರು. ಸೋದರಮಾವ ಹುಣಸೂರು ಕೃಷ್ಣಮೂರ್ತಿ ನಿರ್ದೇಶಕರು. ಅವರ ‘ವೀರಸಂಕಲ್ಪ’ದಿಂದ 1964ರಲ್ಲಿ ಬಣ್ಣ ಹಚ್ಚಿದ ಹುಡುಗನಿಗೆ ಅಂಗಡಿಯ ವ್ಯವಹಾರಬುದ್ಧಿಯೂ ಸಿನಿಮಾದ ಹುಚ್ಚೂ ಒಟ್ಟಿಗೇ ಇದ್ದವು. ರಂಗಭೂಮಿಯ ತಾಳ್ಮೆ ಇರಲಿಲ್ಲ.

ಅದು ಅಭಿನಯದಲ್ಲಿ ಕಾಣುತ್ತದೆ. ನರಸಿಂಹರಾಜು ಒಂದು ಸಾಲು ಹೇಳಿ ಸುಮ್ಮನಿದ್ದರೆ ಆ ಮೌನದಲ್ಲೂ ನಗೆ ಹುಟ್ಟುತ್ತಿತ್ತು. ದ್ವಾರಕೀಶ್ ಸುಮ್ಮನಿರುವವರಲ್ಲ. ಮಾತು ಮುಗಿಯುವ ಮೊದಲೇ ಕಣ್ಣರಳುತ್ತದೆ, ಕೈ ಏಳುತ್ತದೆ, ಮೈ ಜಿಗಿಯುತ್ತದೆ. ಒಬ್ಬರೇ ಇರುವ ದೃಶ್ಯಗಳಲ್ಲಿ ಈ ಅವಸರ ಬೇಗ ದಣಿಸುತ್ತದೆ. ಪಕ್ಕದಲ್ಲಿ ಎತ್ತರದ, ನಿಧಾನದ ಮನುಷ್ಯನೊಬ್ಬ ನಿಂತರೆ ಅದೇ ಅವಸರಕ್ಕೆ ಅರ್ಥ ಬರುತ್ತದೆ. ವಿಷ್ಣುವರ್ಧನ್ ಜೊತೆಗಿನ ಚಿತ್ರಗಳು ಕೆಲಸ ಮಾಡಿದ್ದು ಈ ಸರಳ ಗಣಿತದಿಂದಲೇ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಕ್ಯಾಮೆರಾ ಹಿಂದೆ ಸರಿಯಬೇಕು. ಹಿಂದೆ ಸರಿದಾಗ ನಾಯಕನ ಕ್ಲೋಸಪ್ ತಪ್ಪುತ್ತದೆ, ಕುಳ್ಳನಿಗೆ ಓಡಾಡಲು ಜಾಗ ಸಿಗುತ್ತದೆ. ತಮ್ಮ ದೇಹವನ್ನು ಲೇವಡಿಗೆ ಒಡ್ಡಿಕೊಂಡವರು ಎಂದು ದ್ವಾರಕೀಶರ ಮೇಲೆ ಟೀಕೆ ಮಾಡಬಹುದು, ಮಾಡಲೂಬೇಕು. ಎಷ್ಟೋ ನಗೆಗಳು ಎತ್ತರದ ಆಚೆ ಹೋಗುವುದೇ ಇಲ್ಲ. ಆದರೆ ಆ ಲೇವಡಿಯ ವ್ಯಾಪಾರದಲ್ಲಿ ಅಂಗಡಿಯ ಯಜಮಾನರೂ ಅವರೇ ಆಗಿದ್ದರು.

ಯಜಮಾನಿಕೆ ಬಂದದ್ದು ಬೇಗ. 1966ರಲ್ಲಿ ‘ಮಮತೆಯ ಬಂಧನ’ಕ್ಕೆ ಪಾಲುದಾರ ನಿರ್ಮಾಪಕ. 1969ರಲ್ಲಿ, ಇನ್ನೂ ಇಪ್ಪತ್ತೇಳು ತುಂಬುವ ಆಸುಪಾಸಿನಲ್ಲಿ, ‘ಮೇಯರ್ ಮುತ್ತಣ್ಣ’. ರಾಜ್‌ಕುಮಾರ್, ಭಾರತಿ ಜೋಡಿ. ನಿರ್ದೇಶನಕ್ಕೆ ಅದುವರೆಗೆ ಒಂದು ಚಿತ್ರವನ್ನೂ ನಿರ್ದೇಶಿಸದ ಸಿದ್ದಲಿಂಗಯ್ಯ. ಮೂರು ವರ್ಷದ ನಂತರ ‘ಬಂಗಾರದ ಮನುಷ್ಯ’ ಮಾಡಿದ ನಿರ್ದೇಶಕನ ಮೇಲೆ ಮೊದಲು ಪಣ ಕಟ್ಟಿದ್ದು ಒಬ್ಬ ಹಾಸ್ಯನಟ ಎಂಬುದು ಸಣ್ಣ ಸಂಗತಿಯಲ್ಲ. 1977ರ ‘ಭಾಗ್ಯವಂತರು’ ಚಿತ್ರದಲ್ಲಿ ಭಾರ್ಗವರಿಗೆ, 2017ರ ‘ಚೌಕ’ದಲ್ಲಿ ತರುಣ್ ಸುಧೀರ್‌ಗೆ ಮೊದಲ ಅವಕಾಶ ಕೊಟ್ಟದ್ದೂ ಅದೇ ಕೈ. ಸುಮಾರು ಅರ್ಧ ಶತಮಾನದ ಉದ್ದಕ್ಕೂ ಹೊಸಬರನ್ನು ಗುರುತಿಸುವ ಆ ಕಣ್ಣು ಮಂಜಾಗಲಿಲ್ಲ.

ಈ ಪಯಣದಲ್ಲಿ ಅತಿ ಚುರುಕಾದ ಚಿತ್ರ ಯಾವುದು ಎಂದರೆ 1972ರ ‘ಕುಳ್ಳ ಏಜೆಂಟ್ 000’. ಹೆಸರಿನಲ್ಲೇ ವ್ಯಂಗ್ಯವಿದೆ. ಆ ಹೊತ್ತಿಗೆ ‘ಜೇಡರ ಬಲೆ’ ಮತ್ತು ಅದರ ಬೆನ್ನಿಗೆ ಬಂದ ಚಿತ್ರಗಳಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿ ಕನ್ನಡದ ಬಾಂಡ್ ಎನಿಸಿಕೊಂಡಿದ್ದರು. ಲಂಡನ್ನಿನ 007, ಗಾಂಧಿನಗರದ 999 ಇಬ್ಬರ ನಡುವೆ ಮೂರು ಸೊನ್ನೆ ಹೊತ್ತ ಕುಳ್ಳನೊಬ್ಬ ನುಗ್ಗಿದ. ತಾರಾಪಟ್ಟದ ಗಾಂಭೀರ್ಯವನ್ನೇ ಗೇಲಿ ಮಾಡುವ ಧೈರ್ಯ ಅಂದಿನ ಚಿತ್ರರಂಗದಲ್ಲಿ ಅಪರೂಪ, ಅದೂ ರಾಜ್‌ಕುಮಾರ್ ಚಿತ್ರ ನಿರ್ಮಿಸಿದ್ದವನಿಂದ. ರಾಜನ್-ನಾಗೇಂದ್ರ ಸಂಗೀತದಲ್ಲಿ ‘ಆಡು ಆಟ ಆಡು’ ಹಾಡಿಗೆ ಕಿಶೋರ್ ಕುಮಾರ್ ಅವರನ್ನು ಕರೆತಂದದ್ದು ಈ ಆಡಂಬರದ ಕಿರೀಟ. ಕಿಶೋರ್ ಕನ್ನಡದಲ್ಲಿ ಹಾಡಿದ್ದು ಅದೊಂದೇ. ಉಚ್ಚಾರಣೆ ಅಲ್ಲಲ್ಲಿ ಮುಗ್ಗರಿಸುತ್ತದೆ, ಲವಲವಿಕೆ ಎಲ್ಲೂ ಮುಗ್ಗರಿಸುವುದಿಲ್ಲ. ನಾಯಕನಿಗೆ ಸಿಗದ ದನಿಯನ್ನು ಹಾಸ್ಯನಟ ತನಗಾಗಿ ತರಿಸಿಕೊಂಡಿದ್ದ. ನಡುವೆ ಬರುವ ಗ್ಲಾಮರ್ ಕುಣಿತಗಳನ್ನು ಮಾತ್ರ ವಿಡಂಬನೆಯ ಖಾತೆಗೆ ಹಾಕಲಾಗದು. ಅವು ಆ ಕಾಲದ ಪತ್ತೇದಾರಿ ಚಿತ್ರಗಳ ಕಸುಬನ್ನು ಹಾಗೇ ಮುಂದುವರಿಸಿದವು.

ಅದಾದ ಐದು ವರ್ಷಕ್ಕೆ ‘ಕಿಟ್ಟು ಪುಟ್ಟು’. ಮೂಲ, ಕೆ. ಬಾಲಚಂದರ್ ನಿರ್ದೇಶಿಸಿ ನಾಗೇಶ್ ನಟಿಸಿದ ತಮಿಳಿನ ‘ಅನುಭವಿ ರಾಜಾ ಅನುಭವಿ’. ನಿರ್ದೇಶಕ ಸಿ.ವಿ. ರಾಜೇಂದ್ರನ್ ಕೂಡ ತಮಿಳು ಚಿತ್ರರಂಗದವರೇ. ಎಲ್ಲವೂ ಎರವಲು ಎನ್ನಬಹುದು. ಎರವಲು ಆಗದ ಒಂದೇ ಒಂದು ಸಂಗತಿ ವಿಷ್ಣುವರ್ಧನ್ ಮತ್ತು ದ್ವಾರಕೀಶರ ನಡುವಿನ ಸಲಿಗೆ. ‘ನಾಗರಹಾವು’ ಚಿತ್ರದ ಕೋಪಿಷ್ಠ ಹುಡುಗ ಇಷ್ಟು ಸಲೀಸಾಗಿ ನಗಿಸಬಲ್ಲ ಎಂಬುದನ್ನು ಪ್ರೇಕ್ಷಕರಿಗೆ ತೋರಿಸಿಕೊಟ್ಟವರಲ್ಲಿ ದ್ವಾರಕೀಶ್ ಮುಖ್ಯರು. ವಿಷ್ಣು ಅವರ ಕಾಮಿಡಿ ಮುಖ ದ್ವಾರಕೀಶರ ಬ್ಯಾನರಿನಲ್ಲಿ ಅರಳಿದಷ್ಟು ಬೇರೆಡೆ ಅರಳಲಿಲ್ಲ. ತನ್ನ ಪಾಲಿನ ನಗೆಯನ್ನು ನಾಯಕನಿಗೂ ಹಂಚಬಲ್ಲ ಹಾಸ್ಯನಟ ಸಿಗುವುದು ಕಷ್ಟ. ನಾಯಕ ನಗಿಸತೊಡಗಿದರೆ ತನ್ನ ಕೆಲಸಕ್ಕೇ ಕುತ್ತು ಎಂಬ ಭಯ ಸಹಜ. ದ್ವಾರಕೀಶರಿಗೆ ಆ ಭಯ ಇರಲಿಲ್ಲ, ಗಲ್ಲಾಪೆಟ್ಟಿಗೆ ಅವರದೇ ಆಗಿತ್ತಲ್ಲ!

1981ರ ‘ಗುರು ಶಿಷ್ಯರು’ ಈ ಹಂಚಿಕೆಯ ತುತ್ತತುದಿ. ಪೆದ್ದ ಶಿಷ್ಯರ ಜನಪದ ಕಥೆಗಳ ನೆಂಟಸ್ತನವಿರುವ ಈ ಚಿತ್ರದಲ್ಲಿ ದ್ವಾರಕೀಶ್ ತಮ್ಮೊಬ್ಬರನ್ನೇ ಮೆರೆಸಿಕೊಳ್ಳದೆ, ಎಂ.ಎಸ್. ಉಮೇಶ್ ಮೊದಲಾದ ಹಾಸ್ಯನಟರ ದಂಡನ್ನೇ ಕೂಡಿಹಾಕಿದರು. ಎಲ್ಲರೂ ಒಟ್ಟಿಗೇ ದಡ್ಡರಾಗುವುದರಲ್ಲಿ ಒಂದು ಲಯವಿದೆ. ಒಬ್ಬನ ಪೆದ್ದುತನ ಇನ್ನೊಬ್ಬನಿಗೆ ತಗುಲಿ, ಅವನಿಂದ ಮುಂದಿನವನಿಗೆ ದಾಟುತ್ತದೆ. ಭಾರ್ಗವ ನಿರ್ದೇಶನ, ಕೆ.ವಿ. ಮಹದೇವನ್ ಸಂಗೀತ. ಕನ್ನಡದ ತೆರೆಯ ಮೇಲೆ ಗುಂಪು ಹಾಸ್ಯ ಇಷ್ಟು ಹದವಾಗಿ ಕೂಡಿಬಂದ ಸಂದರ್ಭಗಳು ಬೆರಳೆಣಿಕೆಯಷ್ಟೇ. ಟಿವಿಯಲ್ಲಿ ಬಂದಾಗಲೆಲ್ಲ ಮನೆಮಂದಿ ಕೂತು ನೋಡುವುದು ಬರೀ ಹಳೆಯ ನೆನಪಿನ ಮೋಹದಿಂದಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವರು ದ್ವಾರಕೀಶ್ ಆಗುತ್ತಿರಲಿಲ್ಲ. 1983ರಲ್ಲಿ ರಜನಿಕಾಂತ್, ಶ್ರೀದೇವಿ ಜೋಡಿಯ ತಮಿಳಿನ ‘ಅಡುತ್ತ ವಾರಿಸು’ ನಿರ್ಮಾಣ. 1985ರಲ್ಲಿ ನಿರ್ದೇಶಕನ ಟೋಪಿ. ‘ನೀ ಬರೆದ ಕಾದಂಬರಿ’ ಹಿಂದಿಯ ‘ಪ್ಯಾರ್ ಝುಕ್ತಾ ನಹೀ’ ಚಿತ್ರದ ಕನ್ನಡ ರೂಪ. ವಿಜಯಾನಂದ್ ಹಾಡುಗಳು ಮನೆಮಾತಾದವು, ಚಿತ್ರ ಗೆದ್ದಿತು. ಮರುವರ್ಷ ಅದನ್ನೇ ತಮಿಳಿನಲ್ಲಿ ರಜನಿ, ಶ್ರೀದೇವಿ ಜೊತೆ ‘ನಾನ್ ಅಡಿಮೈ ಇಲ್ಲೈ’ ಎಂದು ಮಾಡಿದರು. ವ್ಯಾಪಾರವಾಗಿ ಇದು ಏರಿಕೆ. ಕಲೆಯಾಗಿ ನೋಡಿದರೆ ದ್ವಾರಕೀಶ್ ತಮ್ಮ ಚಿತ್ರಗಳಿಂದ ತಾವೇ ಹೊರನಡೆಯತೊಡಗಿದ ಘಟ್ಟ. ಶ್ರೀಮಂತ ಮಾವ, ಬಡ ಅಳಿಯ, ಅಗಲಿದ ದಂಪತಿಯ ನಡುವೆ ಮಗು. ಇದನ್ನು ಬೇರೆ ಯಾರಾದರೂ ನಿರ್ದೇಶಿಸಬಹುದಿತ್ತು. ಕುಳ್ಳನ ತುಂಟತನದ ಗುರುತು ಅಲ್ಲಿ ಹುಡುಕಿದರೂ ಸಿಗದು.

‘ಆಫ್ರಿಕಾದಲ್ಲಿ ಶೀಲಾ’ (1986) ಇನ್ನೊಂದು ಬಗೆಯ ಎಡವಟ್ಟು. ಆಫ್ರಿಕಾದ ಕಾಡಿಗೇ ತಂಡ ಕಟ್ಟಿಕೊಂಡು ಹೋಗುವ, ಬಪ್ಪಿ ಲಾಹಿರಿಯಿಂದ ಸಂಗೀತ ಮಾಡಿಸುವ ಎದೆಗಾರಿಕೆ ಅವರಿಗಲ್ಲದೆ ಇನ್ನಾರಿಗೆ? ಕಿಸೆಯ ತೂತು ನೋಡಿಕೊಳ್ಳದೆ ಊರ ಜಾತ್ರೆಗೆ ಆನೆ ತರಿಸುವ ಗೌಡನ ಗತ್ತು ಅದು. ಆದರೆ ಅಷ್ಟು ದೂರ ಹೋದ ಕ್ಯಾಮೆರಾ ಕಂಡದ್ದು ಹಾಲಿವುಡ್‌ನ ಟಾರ್ಜನ್ ಚಿತ್ರಗಳು ಮೊದಲೇ ತೋರಿಸಿದ್ದ ಆಫ್ರಿಕಾವನ್ನೇ. ಕಾಡಿನಲ್ಲಿ ಬೆಳೆದ ಹುಡುಗಿ, ಬೆದರಿಸುವ ಮೃಗಗಳು, ಹಿನ್ನೆಲೆಯ ಅಲಂಕಾರವಾಗಿ ಉಳಿಯುವ ಸ್ಥಳೀಯರು. ಸಿಂಗಾಪುರದಲ್ಲಿ ಪರದೇಶ ಎಂಬುದು ಇಬ್ಬರು ಗೆಳೆಯರು ಬೆರಗಾಗುವ ಜಾಗವಾಗಿತ್ತು. ಇಲ್ಲಿ ಬೆರಗುಪಡಲು ಕುಳ್ಳನಂಥ ಕಣ್ಣೊಂದು ಬೇಕಿತ್ತು. ಮರುವರ್ಷ ಲೀಲಾವತಿಯವರ ಮಗ ವಿನೋದ್ ರಾಜ್ ಅವರನ್ನು ‘ಡ್ಯಾನ್ಸ್ ರಾಜಾ ಡ್ಯಾನ್ಸ್’ ಮೂಲಕ ಪರಿಚಯಿಸಿದರು. ಹಾಡು, ಕುಣಿತ ಇಂದಿಗೂ ನೆನಪಿವೆ, ಕಥೆ ಯಾರಿಗೂ ನೆನಪಿಲ್ಲ. 1990ರ ‘ಶ್ರುತಿ’ ತಮಿಳಿನ ‘ಪುದು ವಸಂತಂ’ ರೀಮೇಕ್. ಅದರಿಂದ ಕನ್ನಡಕ್ಕೆ ದಕ್ಕಿದ್ದು ಅದೇ ಹೆಸರಿನ ನಟಿ.

ನಡುವೆ ಸೋಲಿನ ಸಾಲು, ಸಾಲದ ಹೊರೆ. ಮನೆಗಳನ್ನು ಮಾರಿದ್ದನ್ನೂ ವಿಷ್ಣುವರ್ಧನ್ ಜೊತೆ ಮುನಿಸಿಕೊಂಡಿದ್ದನ್ನೂ ದ್ವಾರಕೀಶ್ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಿದ್ದರು. ಸೋಲನ್ನೂ ಪ್ರದರ್ಶನಕ್ಕಿಟ್ಟು ನಗಿಸುವ ಈ ಗುಣ ಅವರ ಸಿನಿಮಾಗಳಲ್ಲಿ ಇನ್ನಷ್ಟು ಬಂದಿದ್ದರೆ ಎನಿಸುತ್ತದೆ. ಹಣ ಕಳೆದುಕೊಂಡ ನಿರ್ಮಾಪಕನ ಕಥೆಯನ್ನೇ ಅವರೊಂದು ಚಿತ್ರ ಮಾಡಬಹುದಿತ್ತು. ಮಾಡಲಿಲ್ಲ, ಕಥೆಗಾಗಿ ಸದಾ ಪಕ್ಕದ ರಾಜ್ಯದತ್ತಲೇ ಕತ್ತು ಹೊರಳುತ್ತಿತ್ತು.

ಕೈ ಹಿಡಿದದ್ದೂ ಪಕ್ಕದ ರಾಜ್ಯವೇ. 1993ರ ಮಲಯಾಳದ ‘ಮಣಿಚಿತ್ರತಾಳ್’ 2004ರಲ್ಲಿ ಪಿ. ವಾಸು ನಿರ್ದೇಶನದಲ್ಲಿ ‘ಆಪ್ತಮಿತ್ರ’ವಾಯಿತು. ಅದೇ ವರ್ಷದ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ ಸೌಂದರ್ಯ ಅವರನ್ನು ನಾಗವಲ್ಲಿಯಾಗಿ ಪ್ರೇಕ್ಷಕರು ಕಂಡದ್ದು ಆಗಸ್ಟ್‌ನಲ್ಲಿ. ಫಾಜಿಲ್ ಅವರ ಮೂಲದಲ್ಲಿದ್ದ ಮನೋವೈಜ್ಞಾನಿಕ ನಾಜೂಕು ಕನ್ನಡದಲ್ಲಿ ಸಾಕಷ್ಟು ಕರಗಿತು, ನಾಯಕನ ಗತ್ತು ಹೆಚ್ಚಿತು. ಹಾಗಿದ್ದೂ ಚಿತ್ರ ಕೆಲಸ ಮಾಡುತ್ತದೆ. ಕಾರಣಗಳಲ್ಲೊಂದು, ಆ ದೊಡ್ಡ ಮನೆಯಲ್ಲಿ ದೆವ್ವದ ಹೆದರಿಕೆಯಿಂದ ತತ್ತರಿಸುವ ದ್ವಾರಕೀಶ್. ಅರವತ್ತು ದಾಟಿದ್ದ ಅವರು ಮತ್ತೆ ಎತ್ತರದ ಗೆಳೆಯನ ಪಕ್ಕಕ್ಕೆ ಬಂದು ನಿಂತಿದ್ದರು. ದಶಕಗಳ ಹಿಂದಿನ ಅವಸರ ಈಗ ಭಯವಾಗಿ ಮಾರ್ಪಟ್ಟಿತ್ತು, ಎದುರಿಗೆ ವೈದ್ಯನ ಪಾತ್ರದಲ್ಲಿದ್ದ ವಿಷ್ಣುವರ್ಧನ್ ಅವರ ನಿಧಾನ ಹಾಗೇ ಇತ್ತು. ಅದೇ ಹಳೆಯ ಗಣಿತ. ವಾಸು ಮರುವರ್ಷ ರಜನಿಕಾಂತ್ ಜೊತೆ ‘ಚಂದ್ರಮುಖಿ’ ಮಾಡಿದಾಗ ಆ ಜಾಗದಲ್ಲಿ ವಡಿವೇಲು ಇದ್ದರು. ವಡಿವೇಲು ಹೆಚ್ಚು ನುರಿತ ನಗೆಗಾರ, ಅನುಮಾನವಿಲ್ಲ. ಆದರೆ ರಜನಿ ಎದುರು ಅವರದು ಅಧೀನನ ಭಯ. ದ್ವಾರಕೀಶರದು ಸಮಾನನ ಭಯ.

2024ರ ಏಪ್ರಿಲ್ 16ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ‘ಕರ್ನಾಟಕದ ಕುಳ್ಳ’ ಎಂಬ ಬಿರುದು ಎಲ್ಲ ಪತ್ರಿಕೆಗಳಲ್ಲೂ ಮರಳಿ ಬಂತು. ಆ ಸಮಾನತೆ ಮಾತ್ರ ಮರಳಲಿಲ್ಲ. ಅವರ ನಂತರದ ಕನ್ನಡದ ಹಾಸ್ಯನಟರಿಗೆ ಎರಡೇ ದಾರಿ ಉಳಿದವು. ಒಂದು, ಜಗ್ಗೇಶ್ ಮಾಡಿದಂತೆ ತಾವೇ ನಾಯಕರಾಗುವುದು. ಇನ್ನೊಂದು, ಸಾಧು ಕೋಕಿಲ ಅವರಂತೆ ನಾಯಕನ ಚಿತ್ರದೊಳಗೆ ತಮ್ಮದೇ ಬೇಲಿ ಹಾಕಿದ ಕಾಮಿಡಿ ತುಣುಕುಗಳನ್ನು ನಡೆಸುವುದು. ‘ಶ್ರುತಿ’ಯ ನಾಯಕಿಯ ಅಣ್ಣ ಶರಣ್ ಎಷ್ಟೋ ವರ್ಷ ಪೋಷಕ ಹಾಸ್ಯ ಮಾಡಿ, 2012ರಲ್ಲಿ ‘ರ‍್ಯಾಂಬೋ’ ಮೂಲಕ ಮೊದಲ ದಾರಿ ಹಿಡಿದರು, ಗೆದ್ದರು. ಅಲ್ಲಿ ಅವರೇ ನಡುಮಧ್ಯದಲ್ಲಿದ್ದಾರೆ. ಮಗ್ಗುಲಲ್ಲಿ ನಿಂತು ಹೆಸರಿನ ಅರ್ಧವನ್ನು ಹಂಚಿಕೊಳ್ಳುವ ತಾರೆ ಮಾತ್ರ ಯಾರೂ ಇಲ್ಲ.