ಶಾಂಬೋರ್ ನೋಡಿ ಬಂದವರಿಗೆ ಬಂಕಾಪುರದ ದಾರಿ

ಬಾಡಿಗೆ ಕಾರು, ಲುವಾರ್ ನದಿ ಕಣಿವೆ, ದಿನಕ್ಕೆರಡು ಕೋಟೆ. ಫ್ರಾನ್ಸಿಗೆ ಹೋಗಿಬಂದ ನಮ್ಮವರ ಪ್ರವಾಸ ಬರಹಗಳು ಹೆಚ್ಚುಕಡಿಮೆ ಹೀಗೇ ಶುರುವಾಗಿ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ‘ಅವರು ಹೇಗೆ ಉಳಿಸಿಕೊಂಡಿದ್ದಾರೆ, ನಾವು ಹೇಗೆ ಹಾಳುಮಾಡಿದ್ದೇವೆ!’ ಆ ರಸ್ತೆಯಲ್ಲಿ ನಾನೂ ಓಡಾಡಿದ್ದೇನೆ. ನಮ್ಮೂರು ದುಂಡಸಿ, ಹಾಗಾಗಿ ಬಂಕಾಪುರ, ಬಾಡ, ಸವಣೂರಿನ ರಸ್ತೆಯಲ್ಲಂತೂ ಲೆಕ್ಕವಿಲ್ಲದಷ್ಟು ಸಲ. ಎರಡನ್ನೂ ನೋಡಿದ ಮೇಲೆ ಆ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತೆ.

1519ರಲ್ಲಿ ಕಟ್ಟಲು ಶುರುಮಾಡಿದ ಶಾಂಬೋರ್ ಅರಮನೆಯ ಜೋಡಿ ಸುರುಳಿ ಮೆಟ್ಟಿಲು ಎಲ್ಲರ ಫೋನಿನಲ್ಲೂ ಇರುತ್ತೆ. ಆದರೆ ಅದನ್ನು ಕಟ್ಟಿಸಿದ ದೊರೆ ಮೊದಲನೇ ಫ್ರಾನ್ಸ್ವಾ ಅಲ್ಲಿ ಕಳೆದದ್ದು ಒಟ್ಟು ಕೆಲವೇ ವಾರ. ಕ್ರಾಂತಿಯ ಕಾಲಕ್ಕೆ ಒಳಗಿನ ಸಾಮಾನೆಲ್ಲ ಹರಾಜಾಯ್ತು. ಪ್ಯಾರಿಸ್ಸಿನ ಉತ್ತರಕ್ಕಿರುವ ಪಿಯೆರ್‌ಫೋನ್ ಕೋಟೆ ಪಾಳು ಬಿದ್ದಿತ್ತು. 1857ರಿಂದ ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ ತನ್ನ ಕಲ್ಪನೆಯನ್ನೂ ಬೆರೆಸಿ ಮತ್ತೆ ಕಟ್ಟಿದ. ಅಂದರೆ ಅಲ್ಲೂ ಎಲ್ಲವೂ ಉಳಿದದ್ದಲ್ಲ. ಬೇಕಾದಷ್ಟನ್ನು ಮತ್ತೆ ಕಟ್ಟಿದ್ದಾರೆ, ತುಂಬಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಕಥೆ ಹೇಳಿದ್ದಾರೆ. ಶೆನೊನ್ಸೊ ಅರಮನೆಯಲ್ಲಿ ಅಡುಗೆಮನೆಯ ತಾಮ್ರದ ಪಾತ್ರೆಗೂ ಒಂದು ಕಥೆ ಇದೆ.

ಈಗ ಬಂಕಾಪುರಕ್ಕೆ ಬನ್ನಿ. ಕಂದಕ ಸುತ್ತುವರಿದ 139 ಎಕರೆ ಕೋಟೆ. ಒಳಗೆ ಖಿಲಾರಿ ದನಗಳ ತಳಿ ಕೇಂದ್ರ, ಅವುಗಳಿಗೆ ಬೆಳೆಯುವ ಮೇವು, ಆ ಮೇವಿನ ಹೊಲದಲ್ಲಿ ನವಿಲು. 2006ರಲ್ಲಿ ಇದು ನವಿಲುಧಾಮವೂ ಆಯ್ತು. ‘ಕೋಟೆಯೊಳಗೆ ದನ ಕಟ್ಟಿದ್ದಾರಲ್ಲ’ ಅಂತ ಮೂಗು ಮುರಿಯುವವರಿದ್ದಾರೆ. ನನ್ನ ತಕರಾರು ಅದಲ್ಲ. ಬಳಕೆಯಲ್ಲಿರುವ ಕೋಟೆ ಖಾಲಿ ಕೋಟೆಗಿಂತ ಮೇಲು. ನನ್ನ ತಕರಾರು ಅಲ್ಲಿನ ಮೌನದ ಬಗ್ಗೆ.

ಬೇಲೂರಿನ ಗುಡಿ ಕಟ್ಟಿಸಿದ ವಿಷ್ಣುವರ್ಧನ ತೀರಿಕೊಂಡದ್ದು ಬಂಕಾಪುರದಲ್ಲಿ. ಗುಣಭದ್ರನ ಉತ್ತರಪುರಾಣದ ಕೊನೆಯಲ್ಲಿ ಬರುವ ಶಕ 820ರ, ಅಂದರೆ ಕ್ರಿ.ಶ. 898ರ ಸುಮಾರಿನ ಪ್ರಶಸ್ತಿಯಲ್ಲಿ ಈ ಊರಿನ ಹೆಸರಿದೆ. ಆಗ ಲೋಕಾದಿತ್ಯ ತನ್ನ ಅಪ್ಪ ಬಂಕೇಯನ ಹೆಸರಿನ ಈ ಊರಿನಿಂದಲೇ ಬನವಾಸಿ ನಾಡನ್ನು ಆಳುತ್ತಿದ್ದ. ಕೋಟೆಯೊಳಗಿನ ನಗರೇಶ್ವರ ಗುಡಿಗೆ ಊರವರು ‘ಅರವತ್ತು ಕಂಬದ ಗುಡಿ’ ಅಂತಾರೆ. ಇಷ್ಟೆಲ್ಲ ಇದ್ದೂ, ದುಂಡಸಿಯಲ್ಲಿ ನಮ್ಮ ಕಾಕಾನನ್ನ ಕೇಳಿದರೆ, ‘ಅಲ್ಲೇನೈತೋ ತಮ್ಮಾ, ನವಿಲು ಅದಾವ, ನೋಡ್ಕೊಂಡು ಬಾ’ ಅಂತಾರೆ. ತಪ್ಪು ಅವರದಲ್ಲ. ನಮ್ಮ ಸ್ಮಾರಕಗಳ ಮುಂದಿನ ನೀಲಿ ಫಲಕ ಹೇಳೋದು ಕಾನೂನು: ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕಥೆ ಹೇಳೋರು ಯಾರು?

ಹತ್ತಿರದ ಬಾಡದಲ್ಲಿ ಇದು ತಿರುಗುಮುರುಗು. ಕನಕದಾಸರು ಹುಟ್ಟಿದ ಊರು ಅಂತ ಅಲ್ಲಿ ಹೊಸದಾಗಿ ಅರಮನೆ ಕಟ್ಟಿದ್ದಾರೆ. ನಕಲಿ ಅಂತ ನಗೋದು ಸುಲಭ. ಆದರೆ ಫ್ರಾನ್ಸಿನ ಬರ್ಗಂಡಿಯಲ್ಲೂ 1997ರಿಂದ ಗೆದೆಲೋಂ ಎಂಬ ಹೊಸ ಕೋಟೆಯನ್ನು 13ನೇ ಶತಮಾನದ ವಿಧಾನದಲ್ಲೇ ಕಟ್ಟುತ್ತಿದ್ದಾರೆ. ಅದು ಹೊಸದು ಅನ್ನೋದನ್ನು ಯಾರೂ ಮುಚ್ಚಿಡಲ್ಲ. ಜನ ನೋಡೋಕೆ ಬರೋದೇ ಅದನ್ನ. ಬಾಡದ ಅರಮನೆಯನ್ನೂ ಕಥೆ ಹೇಳಲು ಕಟ್ಟಿದ ಮನೆ ಅಂತ ನೋಡಿದರೆ ಮಕ್ಕಳಿಗೆ ಉಪಯೋಗವಿದೆ. ಕನಕರು ಓಡಾಡಿದ ಅಂಗಳ ಅಂತ ನಂಬಿಸಿದರೆ ಮೋಸ. ಬೇಸರದ ಸಂಗತಿ ಅಂದರೆ, ಹೊಸ ಗೋಡೆಗೆ ಸಿಕ್ಕ ಕಥೆ ಹಳೆಯ ಕಲ್ಲಿಗೆ ಸಿಕ್ಕಿಲ್ಲ.

ಸವಣೂರಿಗೆ ನಾವು ಹೋಗೋದು ಖಾರಕ್ಕೆ, ಇಲ್ಲಾಂದ್ರೆ ದೊಡ್ಡ ಹುಣಸೆ ಮರ ನೋಡೋಕೆ. 1756ರಲ್ಲಿ ಪೇಶ್ವೆ ಮತ್ತು ನಿಜಾಮ ಸೇರಿ ಸವಣೂರು ನವಾಬನನ್ನು ಮುತ್ತಿದಾಗ ನಿಜಾಮನ ಜೊತೆ ಬಂದಿದ್ದವನು ಫ್ರೆಂಚ್ ಸೇನಾಧಿಕಾರಿ ಬುಸ್ಸಿ. ನಾವು ಅಲ್ಲಿಗೆ ಹೋಗೋ ಎಷ್ಟೋ ಮೊದಲೇ ಫ್ರಾನ್ಸ್ ನಮ್ಮ ಪಕ್ಕದ ತಾಲ್ಲೂಕಿಗೆ ಬಂದಿತ್ತು!

ಫ್ರಾನ್ಸಿನಿಂದ ತರಬೇಕಾದದ್ದು ಕೋಟಿಗಟ್ಟಲೆ ಬಜೆಟ್ ಅಲ್ಲ, ಒಂದು ರೂಢಿ. 1984ರಿಂದ ಅಲ್ಲಿ ವರ್ಷಕ್ಕೊಮ್ಮೆ ಪರಂಪರೆಯ ದಿನ ನಡೆಯುತ್ತೆ. ಬೇರೆ ದಿನ ಮುಚ್ಚಿರುವ ಕಟ್ಟಡಗಳೂ ಅವತ್ತು ಜನರಿಗೆ ತೆರೆದಿರುತ್ತವೆ. ಶಿಗ್ಗಾಂವಿಯ ಹೈಸ್ಕೂಲು ಮಕ್ಕಳು ವರ್ಷಕ್ಕೊಂದು ಭಾನುವಾರ ಅರವತ್ತು ಕಂಬದ ನಡುವೆ ನಿಂತು, ಬಂದವರಿಗೆ ಬಂಕೇಯನ ಕಥೆ ಹೇಳಲಿ. ಇತಿಹಾಸ ಯಾವಾಗಲೂ ಬೇರೆ ಊರಲ್ಲೇ ನಡೆಯುತ್ತೆ ಅಂದುಕೊಂಡು ಬೆಳೆಯೋ ಮಕ್ಕಳು ಅಷ್ಟರಮಟ್ಟಿಗೆ ಕಡಿಮೆ ಆಗ್ತಾರೆ.